ಕೋಲಾರದ ಬೆರಕೆ ಸೊಪ್ಪು: ಎಲ್ಲಿ ಕೊಳ್ಳುವುದು, ಸೂಪ್ ಹೇಗೆ ಬರುತ್ತದೆ

ಮೊದಲೇ ಹೇಳಿಬಿಡುತ್ತೇನೆ. ಕೋಲಾರದಲ್ಲಿ ಬೆರಕೆ ಸೊಪ್ಪು, ಅಂದರೆ ಹೊಲದಲ್ಲಿ ತಾನಾಗಿ ಬೆಳೆದ ಹಲವು ಬಗೆ ಸೊಪ್ಪಿನ ಬೆರಕೆ, ಬೇಕಿದ್ದರೆ ಹಳೇ ಬಸ್ ನಿಲ್ದಾಣದ ಹತ್ತಿರ ಬೆಳಗಿನ ಹೊತ್ತು ಗೋಣಿಚೀಲ ಹಾಸಿ ಕೂರುವ ಹೆಂಗಸರ ಸಾಲಿಗೆ ಹೋಗಿ, ಅದರಲ್ಲಿ ಕೊನೆಗೆ ಕೂರುವ ಅಜ್ಜಿ ಹತ್ತಿರ ತಗೊಳ್ಳಿ. ಈ ಮಳೆಗಾಲ ಪೂರ್ತಿ ವಾರಕ್ಕೆ ಎರಡು ಸಲ ನಾನು ಅವರ ಹತ್ತಿರವೇ ಕೊಂಡೆ. ನಡುವೆ ಬೇರೆ ಕಡೆಯೂ ಕೊಂಡು ನೋಡಿದೆ, ಅಂಗಡಿಯಲ್ಲಿ ಕವರಿಗೆ ಹಾಕಿಟ್ಟ ಸೊಪ್ಪನ್ನೂ ತಂದೆ. ಅಡುಗೆ ಮಾಡುವವರೆಗೆ ಎಲ್ಲ ಒಂದೇ ಅನ್ನಿಸುತ್ತದೆ. ಸೂಪ್ ಮಾಡಿ ಬಾಯಿಗೆ ಇಟ್ಟಾಗ ಗೊತ್ತಾಗುತ್ತದೆ.

ಸೂಪ್ ಯಾಕೆ ಅಂತ ಕೇಳಬಹುದು. ನಮ್ಮ ಕಡೆ ಬೆರಕೆ ಸೊಪ್ಪು ಅಂದರೆ ಮಸ್ಸೊಪ್ಪು, ಇಲ್ಲ ಬಸ್ಸಾರು, ಜೊತೆಗೆ ಬಿಸಿ ಮುದ್ದೆ. ನಮ್ಮ ಮನೆಯಲ್ಲೂ ಅಷ್ಟೇ. ಆದರೆ ಮೇ ತಿಂಗಳಲ್ಲಿ ಅಪ್ಪನಿಗೆ ಉಳಿದಿದ್ದ ಹಲ್ಲನ್ನೆಲ್ಲ ಕೀಳಿಸಬೇಕಾಯಿತು. ಒಸಡು ಮಾಯುವವರೆಗೆ ಮೆತ್ತಗಿರುವುದನ್ನೇ ಕೊಡಿ ಅಂದರು ಡಾಕ್ಟರು. ಮುದ್ದೆಗೇನು ಹಲ್ಲು ಬೇಡ, ನುಂಗುತ್ತಿದ್ದರು. ಮಸ್ಸೊಪ್ಪು ಎಷ್ಟು ಮಸೆದರೂ ಅಲ್ಲೊಂದು ಇಲ್ಲೊಂದು ನಾರು ಉಳಿಯುತ್ತದೆ ಅಲ್ವಾ, ಅದು ಒಸಡಿಗೆ ಸಿಕ್ಕಿ ಅರ್ಧ ಊಟಕ್ಕೇ ಕೈ ತೊಳೆಯುತ್ತಿದ್ದರು. 78 ವರ್ಷದಲ್ಲಿ ಮಳೆಗಾಲ ಬಂತು ಅಂದರೆ ಬೆರಕೆ ಸೊಪ್ಪು ತಿನ್ನದೆ ಬಿಟ್ಟವರಲ್ಲ. ತಟ್ಟೆ ಮುಂದೆ ಸುಮ್ನೆ ಕೂತಿರುವುದನ್ನು ನೋಡಲು ಆಗಲಿಲ್ಲ. ಅದೇ ಸೊಪ್ಪನ್ನು ನುಣ್ಣಗೆ, ಕೆನೆ ಹಾಗೆ, ಲೋಟದಲ್ಲಿ ಕುಡಿಯುವ ಹಾಗೆ ಮಾಡಿಕೊಡೋಣ ಅಂತ ಹೊರಟೆ.

ಅಜ್ಜಿ ಬರುವುದು ಅಂತರಗಂಗೆ ಬೆಟ್ಟದ ಆಚೆ ಕಡೆಯ ಹಳ್ಳಿಯಿಂದ, ಬೆಳಗಿನ ಮೊದಲ ಬಸ್ಸಿಗೆ. ಆರೂವರೆಗೆಲ್ಲ ಕೂತಿರುತ್ತಾರೆ. ಒದ್ದೆ ಚೀಲದ ಮೇಲೆ ಗುಡ್ಡೆ ಗುಡ್ಡೆ ಸೊಪ್ಪು, ಗುಡ್ಡೆಗೆ 20 ರೂಪಾಯಿ. ಕಟ್ಟು ಕಟ್ಟುವುದಿಲ್ಲ. ನನಗೆ ಇಷ್ಟವಾದ ಮೊದಲ ವಿಷಯ ಇದೇ. ಬಾಳೆ ನಾರಿನಲ್ಲಿ ಬಿಗಿಯಾಗಿ ಕಟ್ಟಿದ್ದರೆ ಹೊರಗೆ ಚಿಗುರು ಕಾಣುತ್ತದೆ, ಮನೆಗೆ ತಂದು ಬಿಚ್ಚಿದರೆ ಒಳಗೆಲ್ಲ ಬಲಿತ ಕಡ್ಡಿ. ಗುಡ್ಡೆಯಾದರೆ ಕೈ ಹಾಕಿ ಕೆದಕಿ ನೋಡಬಹುದು. ಅಜ್ಜಿ ಬೇಡ ಅನ್ನುವುದಿಲ್ಲ.

ಗುಡ್ಡೆಯಲ್ಲಿ ಏನೇನು ಇರುತ್ತದೆ ಅನ್ನುವುದು ಆ ವಾರದ ಮಳೆಗೆ ಬಿಟ್ಟಿದ್ದು. ಜುಲೈನಲ್ಲಿ ಅಣ್ಣೆ ಸೊಪ್ಪು ಜಾಸ್ತಿ, ಉದ್ದುದ್ದ ಎಲೆ, ತುದಿಯಲ್ಲಿ ಇನ್ನೂ ಹೂವು ಬಂದಿರುವುದಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ತೆಲುಗು ಮಾತಾಡುವ ಮನೆಗಳಲ್ಲಿ ಇದನ್ನೇ ಗುರುಗು ಅಂತಾರೆ, ಅಜ್ಜಿ ಕೊಳ್ಳುವವರ ಮುಖ ನೋಡಿ ಎರಡರಲ್ಲಿ ಒಂದು ಹೆಸರು ಹೇಳುತ್ತಾರೆ. ಅದರ ಜೊತೆಗೆ ಕೀರೆ, ಚೆಂಚಲಿ, ಗೋಣಿ ಸೊಪ್ಪು, ಕನ್ನೆ ಸೊಪ್ಪು, ಹೊನಗೊನೆ, ಒಂದು ಹಿಡಿ ಗಣಕೆ, ನಾಲ್ಕೈದು ಕುಡಿ ತುಂಬೆ. ಒಂದು ದಿನ ಕೂತು ಬಿಡಿಸುವಾಗ ಎಣಿಸಿದೆ, ಒಂಬತ್ತು ಬಗೆ ಇತ್ತು. ಇದರಲ್ಲಿ ಯಾವುದನ್ನೂ ಯಾರೂ ಬಿತ್ತಿಲ್ಲ, ನೀರು ಹಾಕಿಲ್ಲ. ರಾಗಿ ಹೊಲದಲ್ಲಿ ಕಳೆ ಅಂತ ಕಿತ್ತು ಬದುವಿಗೆ ಎಸೆಯುವುದೇ ನಮ್ಮ ಪಾತ್ರೆಗೆ ಬರುತ್ತದೆ.

ಬೆರಕೆ ಅಂದರೆ ಸಿಕ್ಕಿದ್ದೆಲ್ಲ ಬೆರೆಸಿದ್ದು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಗಣಕೆ ಒಂದು ಹಿಡಿಗಿಂತ ಜಾಸ್ತಿ ಬಿದ್ದರೆ ಪಾತ್ರೆಯೆಲ್ಲ ಕಹಿ. ತುಂಬೆ ಘಾಟು, ನಾಲ್ಕು ಕುಡಿ ಸಾಕು. ಅಣ್ಣೆ, ಕೀರೆ ಸಪ್ಪೆ, ಅವೇ ಹೊಟ್ಟೆ ತುಂಬಿಸುವುದು. ಗೋಣಿ ಹುಳಿ. ಅಜ್ಜಿ ಮೊದಲು ಕೇಳುವ ಮಾತು, "ಏನು ಮಾಡ್ತೀಯಮ್ಮ, ಬಸ್ಸಾರಾ, ಮಸ್ಸೊಪ್ಪಾ?" ಬಸ್ಸಾರು ಅಂದರೆ ಅಣ್ಣೆ ಇನ್ನೊಂದು ಹಿಡಿ ಹಾಕುತ್ತಾರೆ, ಮಸ್ಸೊಪ್ಪು ಅಂದರೆ ಗೋಣಿ. ನಾನು ಎರಡೂ ಅಲ್ಲ, ಅಪ್ಪನಿಗೆ ಹಲ್ಲಿಲ್ಲ, ಕುಡಿಯುವ ಹಾಗೆ ಮಾಡಬೇಕು ಅಂದೆ. ಒಂದು ನಿಮಿಷ ಸೊಪ್ಪಿನ ಮೇಲೆ ಕೈ ಇಟ್ಟುಕೊಂಡು ಕೂತರು. ಆಮೇಲೆ ಗುಡ್ಡೆಯಿಂದ ಕೀರೆಯ ದಪ್ಪ ಕಡ್ಡಿಗಳನ್ನು ಒಂದೊಂದಾಗಿ ಎಳೆದು ಪಕ್ಕಕ್ಕೆ ಹಾಕಿದರು. ಚೀಲದ ಇನ್ನೊಂದು ತುದಿಯಿಂದ ಕನ್ನೆ ಸೊಪ್ಪು ಎರಡು ಹಿಡಿ, ಗೋಣಿ ಒಂದು ಹಿಡಿ ತಂದು ಸೇರಿಸಿದರು. ಗೋಣಿಯ ಒಂದು ದಪ್ಪ ಎಲೆಯನ್ನು ಉಗುರಿನಲ್ಲಿ ಹಿಸುಕಿ, ಬೆರಳ ನಡುವೆ ಎಳೆ ಎಳೆಯಾಗಿ ನಿಂತ ರಸ ತೋರಿಸಿ, "ನೋಡು, ಲೋಳೆ ಐತೆ, ನುಣ್ಣಗಾಗ್ತದೆ" ಅಂದರು.

ಕೆನೆ ಹಾಗಿರುವ ಸೂಪಿಗೆ ಏನು ಹಾಕಬೇಕು ಅಂತ ನಾನು ಮೂರು ವಾರ ಒದ್ದಾಡಿದೆ, ಉತ್ತರ ಅವತ್ತೇ ಅವರ ಬೆರಳ ತುದಿಯಲ್ಲಿತ್ತು.

ಈಗ ಇನ್ನೊಂದು ಮುಖ್ಯ ವಿಷಯ. ಬೆರಕೆ ಸೊಪ್ಪು ಯಾರ ಹತ್ತಿರ ಕೊಂಡರೂ ಎಲ್ಲಿ ಕಿತ್ತಿದ್ದು ಅಂತ ಕೇಳಿ, ದಯವಿಟ್ಟು ಕೇಳಿ. ನಮ್ಮದು ಟೊಮೊಟೊ ಜಿಲ್ಲೆ. ಟೊಮೊಟೊ ತೋಟದ ಸಾಲುಗಳ ನಡುವೆ ಗೊಬ್ಬರ, ನೀರು ಕುಡಿದು ಕೀರೆ, ಗೋಣಿ ಸೊಂಪಾಗಿ ಬೆಳೆದಿರುತ್ತದೆ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಆದರೆ ಅಲ್ಲಿ ಮತ್ತೆ ಮತ್ತೆ ಔಷಧಿ ಹೊಡೆಯುತ್ತಾರೆ, ಅದು ಟೊಮೊಟೊ ಗಿಡಕ್ಕೆ ಮಾತ್ರ ಬೀಳುವುದಿಲ್ಲ. ಅಜ್ಜಿ ಕೀಳುವುದು ಮಳೆ ನಂಬಿದ ರಾಗಿ ಹೊಲಗಳಲ್ಲಿ, ಕಳೆ ಔಷಧಿ ಹೊಡೆದ ಹೊಲ ಯಾವುದು ಅಂತ ಅವರಿಗೆ ಗೊತ್ತು, ಆ ಕಡೆ ಹೋಗುವುದಿಲ್ಲ ಅಂತ ಹೇಳಿದರು. ಕೆರೆ ಅಂಗಳದ ಸೊಪ್ಪು ತರುತ್ತೀರಾ ಅಂತಲೂ ಕೇಳಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು, ಕೆರೆಯಲ್ಲಿ ನೀರು ನೋಡಿದರೆ ನನಗೂ ಸಂತೋಷವೇ. ಅದು ಅಂತರ್ಜಲ ಏರಲಿ ಅಂತ ಬಿಟ್ಟ ನೀರು. ಅದರ ಅಂಚಿನಲ್ಲಿ ಬೆಳೆದ ಸೊಪ್ಪನ್ನು ಅಪ್ಪನ ಲೋಟಕ್ಕೆ ಹಾಕಲು ನನಗೆ ಮನಸ್ಸಿಲ್ಲ, ಅಷ್ಟೇ. "ಹೊಲದ್ದೇ ಸಾಕಷ್ಟೈತೆ, ಕೆರೆಗೆ ಯಾಕೆ ಹೋಗ್ಲಿ" ಅಂದರು.

ಆಗಸ್ಟ್‌ನಲ್ಲಿ ಒಂದು ವಾರ ಅಜ್ಜಿ ಬರಲಿಲ್ಲ. ಬೇರೆ ಕಡೆ ಎರಡು ಕಟ್ಟು ತಂದೆ. ಬಿಡಿಸುವಾಗ ಗೋಣಿ ಸೊಪ್ಪಿನ ನಡುವೆ ನೆಲಕ್ಕೆ ಅಂಟಿ ಹರಡುವ, ಸಣ್ಣ ಎಲೆಯ, ಕೆಂಪು ಕಡ್ಡಿಯ ಇನ್ನೊಂದು ಗಿಡ ಕಂಡಿತು. ಮುರಿದರೆ ಹಾಲು ಬಂತು. ಗೋಣಿಯ ಕಡ್ಡಿ ಮುರಿದರೆ ನೀರು ಬರುತ್ತದೆ, ಹಾಲು ಯಾವತ್ತೂ ಬರುವುದಿಲ್ಲ. ಗೋಣಿಯ ಎಲೆಯೂ ದಪ್ಪ, ಮೇಣ ಸವರಿದ ಹಾಗೆ ನುಣುಪು. ಹಾಲು ಬರುವ ಆ ಗಿಡ ತಿನ್ನುವುದಲ್ಲ, ಹೊಟ್ಟೆ ಕೆಡಿಸುತ್ತದೆ. ಎರಡೂ ಕಟ್ಟನ್ನು ಹಾಗೇ ಎಸೆದೆ. 30 ರೂಪಾಯಿ ಹೋಯಿತು ಅಂತಲ್ಲ, ಗಮನಿಸದೆ ಮಿಕ್ಸಿಗೆ ಹಾಕಿದ್ದರೆ ಅಂತ ಆ ದಿನವೆಲ್ಲ ಮನಸ್ಸಿನಲ್ಲಿ ಕೊರೆಯಿತು. ಸೂಪಿನಲ್ಲಿ ಎಲ್ಲ ಅರೆದು ಹೋಗುತ್ತದೆ, ತಟ್ಟೆಯಲ್ಲಿ ಕಂಡುಹಿಡಿದು ಎತ್ತಿಡುವ ಅವಕಾಶವೇ ಇರುವುದಿಲ್ಲ. ಹಾಗಾಗಿ ಅಜ್ಜಿಯ ಗುಡ್ಡೆಯಾದರೂ ನಾನು ಒಂದೊಂದೇ ಕುಡಿ ನೋಡಿ ಬಿಡಿಸುತ್ತೇನೆ. ಅವರ ಗುಡ್ಡೆಯಲ್ಲಿ ಇದುವರೆಗೆ ಅಂಥದ್ದು ಒಂದೂ ಸಿಕ್ಕಿಲ್ಲ. ಗಣಕೆಯ ಕಡ್ಡಿಯಲ್ಲಿ ಹಸಿರು ಕಾಯಿ ಇದ್ದರೆ ಅದನ್ನೂ ಕಿತ್ತು ಬಿಸಾಕಿ, ಹಸಿ ಕಾಯಿ ಒಳ್ಳೆಯದಲ್ಲ.

ಬಿಡಿಸಿ ತೊಳೆಯಲು 40 ನಿಮಿಷ ಬೇಕು. ಇದು ಕಷ್ಟದ ಕೆಲಸ, ಸುಳ್ಳು ಹೇಳುವುದಿಲ್ಲ. ಮಳೆ ಬಂದ ಮಾರನೇ ದಿನ ಕಿತ್ತ ಸೊಪ್ಪಾದರೆ ಎಲೆ ಹಿಂದೆಲ್ಲ ಕೆಂಪು ಮಣ್ಣು ಸಿಡಿದಿರುತ್ತದೆ. ಅಗಲ ಪಾತ್ರೆಯಲ್ಲಿ ನೀರು ತುಂಬಿಸಿ, ಸೊಪ್ಪು ಮುಳುಗಿಸಿ, ಅಲ್ಲಾಡಿಸಿ, ಐದು ನಿಮಿಷ ಬಿಟ್ಟು ಸೊಪ್ಪನ್ನು ಮೇಲಿಂದ ಎತ್ತಿಕೊಳ್ಳಬೇಕು. ಪಾತ್ರೆ ಬಗ್ಗಿಸಿ ನೀರು ಚೆಲ್ಲಿದರೆ ತಳಕ್ಕೆ ಇಳಿದ ಮಣ್ಣು ತಿರುಗಿ ಸೊಪ್ಪಿಗೇ ಬರುತ್ತದೆ. ನಾಲ್ಕು ನೀರು ತೊಳೆಯಿರಿ. ಮುದ್ದೆ ಜೊತೆ ಮರಳು ಹೇಗೋ ನುಂಗಬಹುದು, ನುಣ್ಣನೆ ಸೂಪಿನಲ್ಲಿ ಒಂದು ಕಣ ಸಿಕ್ಕರೂ ಮುಗಿಯಿತು.

ಸೂಪಿನ ವಿಷಯಕ್ಕೆ ಬರೋಣ. ಮೊದಲ ಸಲ ಹೋಟೆಲಿನವರು ಮಾಡುವ ಹಾಗೆ ಪ್ಯಾಕೆಟ್ ಕ್ರೀಮ್ ಹಾಕಿದೆ. ಬಣ್ಣ ಚೆನ್ನಾಗಿ ಬಂತು, ದಪ್ಪ ಬಂತು, ರುಚಿ ಮಾತ್ರ ಎಲ್ಲೋ ಮುಚ್ಚಿ ಹೋಯಿತು. ಒಂಬತ್ತು ಬಗೆ ಸೊಪ್ಪು ಹಾಕಿ ಪಾಲಕ್ ಸೂಪಿನ ರುಚಿ ಬಂದರೆ ಏನು ಪ್ರಯೋಜನ? ಅಪ್ಪ ಎರಡು ಗುಟುಕು ಕುಡಿದು "ಆಸ್ಪತ್ರೆ ಊಟದ ಥರ ಐತೆ" ಅಂದರು. ಎರಡನೇ ಸಲ ಆಲೂಗಡ್ಡೆ. ದಪ್ಪ ಆಯಿತು, ಆದರೆ ಆರಿದ ಮೇಲೆ ಅಂಟಂಟು, ಗಂಟಲಲ್ಲಿ ಇಳಿಯಲಿಲ್ಲ. ಕಾರ್ನ್ ಫ್ಲೋರ್ ಅಂತೂ ನನಗೆ ಮೊದಲಿಂದಲೂ ಇಷ್ಟವಿಲ್ಲ, ಹಾಕಲಿಲ್ಲ.

ಮೂರನೇ ಸಲ ಅಮ್ಮನ ಮಸ್ಸೊಪ್ಪನ್ನೇ ನೆನೆಸಿಕೊಂಡೆ. ಅದರಲ್ಲಿ ದಪ್ಪ ಎಲ್ಲಿಂದ ಬರುತ್ತದೆ? ಬೇಳೆಯಿಂದ. ಅದನ್ನೇ ಹಿಡಿದೆ. ಈಗ ನಾನು ಮಾಡುವುದು ಹೀಗೆ. ನಾಲ್ಕು ಜನಕ್ಕೆ ಒಂದು ಗುಡ್ಡೆ, ಬಿಡಿಸಿದ ಮೇಲೆ ಸುಮಾರು 300 ಗ್ರಾಂ ಉಳಿಯುತ್ತದೆ. ಎರಡು ಚಮಚ ತೊಗರಿಬೇಳೆಯನ್ನು ಕುಕ್ಕರಿನಲ್ಲಿ ಮೇಣದ ಹಾಗೆ ಬೇಯಿಸಿಕೊಳ್ಳುತ್ತೇನೆ. ಬಾಣಲೆಯಲ್ಲಿ ಒಂದು ಚಮಚ ತುಪ್ಪ, ಅರ್ಧ ಚಮಚ ಜೀರಿಗೆ, ಆರು ಎಸಳು ಬೆಳ್ಳುಳ್ಳಿ, ಒಂದು ಈರುಳ್ಳಿ. ಈರುಳ್ಳಿ ಕೆಂಪಾಗುವುದು ಬೇಡ, ಮೆತ್ತಗಾದರೆ ಸಾಕು, ಕೆಂಪಾದರೆ ಸೂಪಿನ ಬಣ್ಣ ಮಣ್ಣಾಗುತ್ತದೆ. ಮೊದಲು ಅಣ್ಣೆ, ಕೀರೆ, ಚೆಂಚಲಿ, ಹೊನಗೊನೆ, ಗಣಕೆ, ತುಂಬೆ ಹಾಕಿ ಎರಡು ಲೋಟ ಬಿಸಿನೀರು ಹೊಯ್ದು ಮುಚ್ಚಳ ಹಾಕದೆ ಐದಾರು ನಿಮಿಷ ಕುದಿಸುತ್ತೇನೆ. ಮುಚ್ಚಳ ಹಾಕದಿರುವುದಕ್ಕೆ ಕಾರಣ ಇದೆ. ಸೊಪ್ಪು ಬೇಯುವಾಗ ಅದರಲ್ಲಿರುವ ಹುಳಿ ಆವಿ ಜೊತೆ ಹೊರಗೆ ಹೋಗಬೇಕು, ಒಳಗೇ ಉಳಿದರೆ ಹಸಿರು ಹೋಗಿ ಎಣ್ಣೆಗಪ್ಪು ಬಣ್ಣಕ್ಕೆ ತಿರುಗುತ್ತದೆ. ಕನ್ನೆ, ಗೋಣಿ ಎರಡೂ ಮೆತ್ತಗೆ, ಅವನ್ನು ಕೊನೆಯ ಎರಡು ನಿಮಿಷಕ್ಕೆ ಹಾಕಿದರೆ ಸಾಕು. ಆಮೇಲೆ ಬೇಳೆ, ಉಪ್ಪು ಸೇರಿಸಿ ಒಲೆ ಆರಿಸುವುದು.

ಅರೆಯುವ ವಿಷಯದಲ್ಲಿ ಒಂದು ಎಚ್ಚರಿಕೆ. ಬಿಸಿ ಬಿಸಿ ಸೂಪನ್ನು ಮಿಕ್ಸಿ ಜಾರಿನ ತುಂಬ ಹಾಕಿ ತಿರುಗಿಸಬೇಡಿ. ಆವಿ ಒಳಗೇ ಒತ್ತಿ ಮುಚ್ಚಳ ಮೇಲೆ ಹಾರುತ್ತದೆ. ನನಗೆ ಹಾಗೇ ಆಗಿ ಮೊಣಕೈವರೆಗೆ ಸುಟ್ಟಿತು, ಹತ್ತು ದಿನ ಬೇಕಾಯಿತು ಮಾಯಲು. ಪೂರ್ತಿ ಆರಿಸಿ, ಜಾರಿನ ಅರ್ಧಕ್ಕಿಂತ ಕಡಿಮೆ ಹಾಕಿ ಅರೆಯಿರಿ. ಆಮೇಲೆ ತಂಗಿ ಒಂದು ಹ್ಯಾಂಡ್ ಬ್ಲೆಂಡರ್ ಕೊಟ್ಟಳು, ಪಾತ್ರೆಯಲ್ಲೇ ಇಟ್ಟು ತಿರುಗಿಸಬಹುದು, ಈ ಕೆಲಸಕ್ಕೆ ಅದೇ ಸರಿ. ಆದರೂ ಅಪ್ಪನಿಗೆ ಕೊಡುವಾಗ ಒಂದು ಸಲ ಜರಡಿಯಲ್ಲಿ ಸೋಸುತ್ತೇನೆ. ಜರಡಿಯಲ್ಲಿ ಉಳಿಯುವುದು ಅಣ್ಣೆಯ ನಾರು, ಒಂದು ಚಮಚದಷ್ಟು. ಪ್ಯಾಕೆಟ್ ಪಾಲಕ್ ಹಾಕಿ ಮಾಡಿದಾಗ ಸೋಸದಿದ್ದರೂ ನಡೆಯುತ್ತದೆ, ಬೆರಕೆಗೆ ಸೋಸಲೇಬೇಕು.

ಇನ್ನು ಹಾಲು. ಅರ್ಧ ಲೋಟ ಕೆನೆ ಹಾಲು ಹಾಕಿದರೆ ಸೂಪಿಗೆ ಒಂದು ದುಂಡು ರುಚಿ ಬರುತ್ತದೆ. ಆದರೆ ಕುದಿಯುವ ಸೂಪಿಗೆ ಹಾಕಬೇಡಿ. ಒಂದು ಸಲ ಹಾಗೆ ಹಾಕಿ ನೋಡನೋಡುತ್ತಿದ್ದಂತೆ ಹಾಲು ಒಡೆದು ಸಣ್ಣ ಸಣ್ಣ ಬಿಳಿ ಕಾಳಾಗಿ ಹಸಿರಿನ ಮೇಲೆ ತೇಲಿತು. ಗೋಣಿ ಸೊಪ್ಪಿನ ಹುಳಿ ಮಾಡಿದ ಕೆಲಸ ಅದು. ಈ ಗಿಡ ನೀರು ಕಡಿಮೆ ಇದ್ದಾಗ ರಾತ್ರಿ ಹೊತ್ತು ಎಲೆಯಲ್ಲಿ ಮ್ಯಾಲಿಕ್ ಆಮ್ಲ ಕೂಡಿಟ್ಟುಕೊಂಡು ಹಗಲು ಬಿಸಿಲಿಗೆ ಖರ್ಚು ಮಾಡುತ್ತದೆ. ಅದಕ್ಕೇ ಬೆಳಗಿನ ಜಾವ ಕಿತ್ತ ಗೋಣಿ ಹೆಚ್ಚು ಹುಳಿ, ಸಂಜೆ ಕಿತ್ತದ್ದು ಕಡಿಮೆ. ಅಜ್ಜಿ ಹಿಂದಿನ ದಿನ ಸಂಜೆ ಒಂದಷ್ಟು ಕೀಳುತ್ತಾರೆ, ಬೆಳಗ್ಗೆ ಒಂದಷ್ಟು. ಈಗ ನಾನು ಸಂಜೆ ಕಿತ್ತ ಗೋಣಿ ಕೊಡಿ ಅಂತ ಕೇಳಿ ತರುತ್ತೇನೆ. "ನಿಂಗೆ ಹುಳಿ ಬೇಡ ಅಲ್ವಾ" ಅಂತ ಅವರೇ ಎತ್ತಿಟ್ಟಿರುತ್ತಾರೆ. ಸೂಪ್ ಸ್ವಲ್ಪ ಆರಿದ ಮೇಲೆ, ಬೆಚ್ಚಗಿನ ಹಾಲನ್ನು ನಿಧಾನಕ್ಕೆ ಬೆರೆಸಿ, ಮತ್ತೆ ಕುದಿಸಬೇಡಿ. ಮೇಲೆ ಕುಟ್ಟಿದ ಮೆಣಸು. ಒಗ್ಗರಣೆ ಬೇಕಿಲ್ಲ.

ಗೋಣಿ, ಕನ್ನೆ ಹಾಕಿದ ಮೇಲೆ ಬೇಳೆಯನ್ನು ಮೂರು ಚಮಚದಿಂದ ಎರಡಕ್ಕೆ ಇಳಿಸಿದೆ. ಚಮಚದಿಂದ ಎತ್ತಿ ಬಿಟ್ಟರೆ ಹನಿ ಹನಿಯಾಗಿ ಬೀಳದೆ ಒಂದೇ ಎಳೆಯಾಗಿ ಇಳಿಯುತ್ತದೆ. ಕ್ರೀಮ್ ಇಲ್ಲದೆ ಇದು ಬರುತ್ತದೆ ಅಂತ ನಾನು ನಂಬಿರಲಿಲ್ಲ.

ಅಂಗಡಿ ಸೊಪ್ಪಿನಲ್ಲೂ ಇದೇ ಥರ ಮಾಡಿ ನೋಡಿದೆ. ದಂಟು, ಪಾಲಕ್, ಮೆಂತ್ಯ ಮೂರನ್ನೂ ಬೆರೆಸಿ 65 ರೂಪಾಯಿ ಆಯಿತು. ಸೂಪ್ ಕೆಟ್ಟದ್ದೇನಲ್ಲ, ಮೆಂತ್ಯದ ಕಹಿ ಒಂದು ಕಡೆ, ಪಾಲಕ್ ಒಂದು ಕಡೆ ನಿಂತ ಹಾಗೆ. ಬೆರಕೆಯಲ್ಲಿ ಮೊದಲು ಸ್ವಲ್ಪ ಹುಳಿ, ನಡುವೆ ಬೇಳೆಯ ಸಿಹಿ, ನುಂಗಿದ ಮೇಲೆ ನಾಲಿಗೆಯ ಹಿಂದೆ ಗಣಕೆಯ ಚೂರು ಕಹಿ, ಒಂದರ ಹಿಂದೆ ಒಂದು ಬರುತ್ತದೆ.

ಅಜ್ಜಿ ವ್ಯಾಪಾರದಲ್ಲಿ ಕೊರತೆ ಇಲ್ಲ ಅಂತಲ್ಲ. ಎಂಟೂವರೆಗೆ ಸೊಪ್ಪು ಮುಗಿದಿರುತ್ತದೆ, ಬೆಳಗ್ಗೆ ಕೆಲಸಕ್ಕೆ ಓಡುವವರಿಗೆ ಸಿಗುವುದು ಕಷ್ಟ. ಜೋರು ಮಳೆ ಬಂದ ದಿನ ಬರುವುದೇ ಇಲ್ಲ, ಹೇಳಿ ಕಳಿಸುವ ದಾರಿಯೂ ಇಲ್ಲ. ಫೋನಿನಲ್ಲಿ ದುಡ್ಡು ತಗೊಳ್ಳುವುದಿಲ್ಲ, ಚಿಲ್ಲರೆ ಇಟ್ಟುಕೊಂಡು ಹೋಗಿ. ಗುಡ್ಡೆ ಒಂದೊಂದು ದಿನ ಚಿಕ್ಕದಿರುತ್ತದೆ. ಸೆಪ್ಟೆಂಬರ್ ಕೊನೆಗೆ ಅಣ್ಣೆಗೆ ಹೂವು ಬಂದು ನಾರು ಜಾಸ್ತಿಯಾಯಿತು, ಎರಡು ವಾರ ಸೂಪಿಗೆ ಅಷ್ಟು ಸೊಗಸಿರಲಿಲ್ಲ, ಆ ಎರಡು ವಾರ ಅದೇ 20 ರೂಪಾಯಿ ಜಾಸ್ತಿ ಅನ್ನಿಸಿತು. ತಂದ ದಿನವೇ ಮಾಡಿಬಿಡಿ, ಕನ್ನೆ ಸೊಪ್ಪು ಫ್ರಿಜ್‌ನಲ್ಲಿ ಇಟ್ಟರೂ ಮಾರನೇ ದಿನಕ್ಕೆ ಕೊಳೆಯುತ್ತದೆ. ಚೌಕಾಸಿ ಮಾತ್ರ ಮಾಡಬೇಡಿ. ಬಗ್ಗಿ ಬಗ್ಗಿ ಒಂಬತ್ತು ಬಗೆ ಕಿತ್ತು ತರುವವರ ಹತ್ತಿರ ಐದು ರೂಪಾಯಿ ಇಳಿಸಿ ಅಂತ ಕೇಳುವವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ.

ಕಿಡ್ನಿಯಲ್ಲಿ ಕಲ್ಲು ಆಗಿದ್ದವರು ಇದನ್ನು ದಿನಾ ಕುಡಿಯಬೇಡಿ. ಗೋಣಿಯಲ್ಲೂ ಕೀರೆಯಲ್ಲೂ ಆಕ್ಸಲೇಟ್ ಜಾಸ್ತಿ. ಬಸಿದು ನೀರು ಚೆಲ್ಲಿದರೆ ಒಂದಷ್ಟು ಹೋಗುತ್ತದೆ, ಸೂಪಿನಲ್ಲಿ ಆ ನೀರನ್ನೂ ಕುಡಿಯುತ್ತೇವೆ. ವೈದ್ಯರನ್ನು ಕೇಳಿಯೇ ಮಾಡಿ.

ಅಪ್ಪನಿಗೆ ಈಗ ಹಲ್ಲಿನ ಸೆಟ್ ಬಂದಿದೆ, ಮಸ್ಸೊಪ್ಪು ತಿನ್ನಬಹುದು. ಆದರೂ ಬುಧವಾರ, ಶನಿವಾರ ಸಂಜೆ ಲೋಟ ಹಿಡಿದು ಅಡುಗೆಮನೆ ಬಾಗಿಲಿಗೆ ಬರುತ್ತಾರೆ. ಮೊನ್ನೆ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, "ಇವತ್ತು ಚೆಂಚಲಿ ಇಲ್ಲ" ಅಂದರು. ಬಿಡಿಸುವಾಗ ನಾನು ಗಮನಿಸಿರಲಿಲ್ಲ. ಮಾರನೇ ಸಲ ಅಜ್ಜಿಯನ್ನು ಕೇಳಿದೆ, ಹೌದು, ಆ ವಾರ ಚೆಂಚಲಿ ಇದ್ದ ಹೊಲ ಕುಂಟೆ ಹೊಡೆದಿದ್ದರಂತೆ. ಅವರೆಕಾಯಿ ಕಾಲಕ್ಕೆ ತೊಗರಿಬೇಳೆ ಬದಲು ಹಿತಕಿದ ಬೇಳೆ ಹಾಕಿ ಮಾಡುವ ಆಸೆ ಇದೆ. ಆಗ ಹೊಲದಲ್ಲಿ ಇಷ್ಟು ಸೊಪ್ಪು ಇರುವುದಿಲ್ಲ, ಹೊನಗೊನೆ, ಗಣಕೆ ಸ್ವಲ್ಪ ಸಿಗುತ್ತದೆ, ನಿಂಗೆ ಅಂತ ಎತ್ತಿಡ್ತೀನಿ ಅಂದಿದ್ದಾರೆ ಅಜ್ಜಿ.